ಸೇದುವ ಸೊಪ್ಪಿಗಿರುವ ಪರೀಕ್ಷೆ ಉಣ್ಣುವ ಎಲೆಗೇಕಿಲ್ಲ?

ಶ್ರೀಮಠದ ಭಕ್ತರಲ್ಲಿಯೂ, ಇಲ್ಲಿಯ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯವರು ಬಹುಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಕಂಪಲಾಪುರದ ತಂಬಾಕು ಹರಾಜು ಮಾರುಕಟ್ಟೆಯನ್ನು ಕಾಣದವರು ವಿರಳ. ಹೊಗೆಸೊಪ್ಪಿನ ಬೇಲು ಕಟ್ಟುವ ರೈತನಿಗೆ ಅಲ್ಲಿರುವ ಕಟ್ಟಳೆಗಳು ಒಂದೆರಡಲ್ಲ. ಸೊಪ್ಪಿನೊಳಗೆ ಪ್ಲಾಸ್ಟಿಕ್ ದಾರದ ಒಂದು ಎಳೆಯೂ ಸೇರಕೂಡದು. ಕೋಳಿಯ ಪುಕ್ಕವಾಗಲಿ ಹುಲ್ಲುಕಡ್ಡಿಯಾಗಲಿ ಇರಕೂಡದು. ಇಂಥಿಂಥ ಕೀಟನಾಶಕಗಳನ್ನು ಮುಟ್ಟಲೇಕೂಡದು. ತಂಬಾಕು ಮಂಡಳಿಯು ಈ ಎಚ್ಚರಿಕೆಯನ್ನು ಸಾರುತ್ತಲೇ ಬಂದಿದೆ. ಕಾರಣ ಸ್ಪಷ್ಟ. ಸಮುದ್ರದಾಚೆಯ ಖರೀದಿದಾರನು ಸೊಪ್ಪಿನಲ್ಲಿ ವಿಷದ ಶೇಷ ಎಷ್ಟಿದೆಯೆಂದು ಪ್ರಯೋಗಶಾಲೆಯಲ್ಲಿ ಅಳೆದು ನೋಡುತ್ತಾನೆ. ಸುಟ್ಟು ಬೂದಿಮಾಡಿ ಹೊಗೆಯಾಗಿ ಬಿಡತಕ್ಕ ಸೊಪ್ಪಿಗೆ, ಅದೂ ತಾನೇ ಒಂದು ವಿಷವಾಗಿರತಕ್ಕ ಸೊಪ್ಪಿಗೆ, ಇಷ್ಟೊಂದು ಪರೀಕ್ಷೆ!

ಅದೇ ರೈತನು ತನ್ನ ಮಗಳ ಮದುವೆಯಲ್ಲಿ, ಊರಹಬ್ಬದಲ್ಲಿ, ಶ್ರೀಮಠದ ಜಾತ್ರೆಯ ದಾಸೋಹದಲ್ಲಿ ಪಂಕ್ತಿಗೆ ಕುಳಿತು ಉಣ್ಣುವ ತಟ್ಟೆಯನ್ನು ಪರೀಕ್ಷಿಸುವವರು ಯಾರು? ಅವನ ಮನೆಯ ಒಲೆಯ ಮೇಲೆ ಕುಳಿತಿರುವ, ಹಿಟ್ಟು ಅಂಟದ ಕರಿಯ ಕಾವಲಿಯ ಲೇಪನವು ಯಾವ ದ್ರವ್ಯದ್ದೆಂದು ಅವನಿಗೆ ಹೇಳಿದವರು ಯಾರು? ಮಳೆಗೆ ನೆನೆಯದ ಅಂಗಿ, ಕಲೆ ಹಿಡಿಯದ ಜಮಖಾನೆ, ಎಣ್ಣೆ ಇಂಗದ ಕಾಗದ, ಇವುಗಳ ಗುಣವನ್ನು ಹೊಗಳಿ ಮಾರಿದವರುಂಟು; ಆ ಗುಣ ಎಲ್ಲಿಂದ ಬಂತೆಂದು ಬರೆದು ಅಂಟಿಸಿದವರನ್ನು ನಾನು ಕಾಣೆ. ಈ ಅಸಡ್ಡೆಯ ವಿರುದ್ಧವಾಗಿಯೇ ಈ ಲೇಖನ. ಅಸಡ್ಡೆ ಮಾಡಿದವರಲ್ಲಿ ಮೊದಲಿಗನು ನಾನೇ ಆದುದರಿಂದ ನನ್ನಿಂದಲೇ ಪ್ರಾರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಜಾತ್ರೆಯ ಪ್ರಸಾದ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆನು. ಮುತ್ತುಗದ ಎಲೆ ಹಚ್ಚುವವರು ಸಿಗುವುದಿಲ್ಲ, ಬಾಳೆ ಎಲೆ ತುಟ್ಟಿಯಾಯಿತು, ಸ್ಟೀಲ್ ತಟ್ಟೆ ತೊಳೆಯಲು ನೀರೂ ಆಳೂ ಸಾಲದು ಎಂದು ವಾದಿಸಿ, ಒಳಮೈಗೆ ಹೊಳೆಯುವ ಪೊರೆ ಅಂಟಿಸಿದ ಕಾಗದದ ತಟ್ಟೆಗಳನ್ನು ತರಿಸುವ ಗೊತ್ತುವಳಿಯನ್ನು ಮಂಡಿಸಿದವನು ನಾನು. ಸಭೆ ಚಪ್ಪಾಳೆ ತಟ್ಟಿತು. ಜಾತ್ರೆ ಮುಗಿದ ಮರುದಿನ ಅಡುಗೆಮನೆಯ ಹಿಂದಿನ ಗುಂಡಿಯಲ್ಲಿ ಆ ತಟ್ಟೆಗಳು ಗುಡ್ಡೆ ಬಿದ್ದಿದ್ದವು. ಅವುಗಳ ಜೊತೆಗೆ ನೀರಿನ ಲೋಟ, ಮೇಜಿನ ಮೇಲೆ ಹಾಸಿದ ಹಾಳೆ, ರಸ್ತೆಯುದ್ದಕ್ಕೂ ಕಟ್ಟಿದ್ದ ಫ್ಲೆಕ್ಸುಗಳು. ಪೂಜ್ಯರ ಭಾವಚಿತ್ರವಿದ್ದ ಫ್ಲೆಕ್ಸನ್ನು ಬೆಂಕಿಗೆ ಹಾಕಬಹುದೇ ಎಂಬ ಸಂಕೋಚ ಕೆಲವರಿಗೆ ಬಂತು. ಬೆಂಕಿಗೆ ಹಾಕಬಹುದಾದ ವಸ್ತುವೇ ಅದು ಎಂಬ ಪ್ರಶ್ನೆ ಯಾರಿಗೂ ಬರಲಿಲ್ಲ. ಚಿತ್ರದ ಮುಖವನ್ನು ಕತ್ತರಿಸಿ ತೆಗೆದಿಟ್ಟು ಉಳಿದುದಕ್ಕೆ ಕಡ್ಡಿ ಗೀರಿದರು. ಎರಡು ದಿನ ಕಪ್ಪು ಹೊಗೆ ಪ್ರಸಾದ ನಿಲಯದ ಕಡೆಗೆ ಹಾಯಿತು. ಹುಡುಗರು ಕೆಮ್ಮಿದರು. ಕಿಟಕಿ ಮುಚ್ಚಿಕೊಳ್ಳಿರೆಂದು ಅವರಿಗೆ ಬುದ್ಧಿ ಹೇಳಿ ಮನೆಗೆ ನಡೆದೆನು.

ಅಡುಗೆಮನೆಯಲ್ಲಿ ತಲೆ ನರೆಸಿದ ಹಿರಿಯರೊಬ್ಬರು ಆಗ ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಮೇಷ್ಟ್ರೇ, ಎಂಜಲೆಲೆ ತಿಪ್ಪೆಗೆ ಹೋದರೆ ಮುಂದಿನ ವರ್ಷ ರಾಗಿಯಾಗಿ ಬರುತ್ತೆ. ಇದು ಏನಾಗಿ ಬರುತ್ತೆ?”

ಮೂವತ್ತು ವರ್ಷ ಪಾಠ ಹೇಳಿದ ನನಗೆ ಅಂದು ಉತ್ತರ ತಿಳಿದಿರಲಿಲ್ಲ. ಈಗ ಸ್ವಲ್ಪ ತಿಳಿದಿದೆ. ಫ್ಲೆಕ್ಸು ಪಿ.ವಿ.ಸಿ. ಎಂಬ, ಕ್ಲೋರಿನ್ ಅಂಶವುಳ್ಳ ಪ್ಲಾಸ್ಟಿಕ್ಕಿನದು. ಅದನ್ನು ಬಯಲಿನಲ್ಲಿ, ಸಾಲದ ಶಾಖದಲ್ಲಿ, ಅರೆಬರೆ ಸುಟ್ಟಾಗ ಡಯಾಕ್ಸಿನ್ ಎಂಬ ವಿಷವರ್ಗ ಹುಟ್ಟುತ್ತದೆ. ಅದು ಹೊಗೆಯೊಡನೆ ಹೋಗಿ ಹುಲ್ಲಿನ ಮೇಲೆ ಕೂರುತ್ತದೆ. ಹಸು ಹುಲ್ಲು ಮೇಯುತ್ತದೆ. ವಿಷವು ಕೊಬ್ಬಿನಲ್ಲಿ ಕರಗುವಂಥದಾದುದರಿಂದ ಹಾಲಿನ ಕೆನೆಯಲ್ಲಿ ನಿಲ್ಲುತ್ತದೆ. ಹಾಲು ಮಗುವಿಗೆ ಬರುತ್ತದೆ. ರಾಗಿಯಾಗಿ ಅಲ್ಲ, ಹಾಲಾಗಿ ಬರುತ್ತದೆ ಎಂಬುದೇ ಆ ಹಿರಿಯರ ಪ್ರಶ್ನೆಗೆ ಉತ್ತರ.

ಕಾನೂನು ಇಲ್ಲವೆನ್ನುವಂತಿಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚಿಯಲ್ಲಿ ಹೊರಡಿಸಿದ ಅಧಿಸೂಚನೆಯು ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸು, ಥರ್ಮೊಕೋಲಿನ ಸಾಮಾನು, ಊಟದ ಮೇಜಿನ ಮೇಲೆ ಹಾಸುವ ಹಾಳೆಯನ್ನೂ ಹೆಸರಿಸಿ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೂ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ನಿಷೇಧಿಸಿತು. ಮೇಜಿನ ಹಾಳೆಯನ್ನು ಸರ್ಕಾರ ಮರೆಯಲಿಲ್ಲ. ನಮ್ಮ ಕಲ್ಯಾಣ ಮಂಟಪಗಳು ಮರೆತವು, ನಮ್ಮ ಮಠಗಳ ಸಮಿತಿಗಳೂ ಮರೆತವು. ವ್ರತನಿಯಮಗಳ ವಿಷಯದಲ್ಲಿ ಕೂದಲು ಸೀಳುವ ನಾವು ಇದನ್ನು ಮಾತ್ರ ಕಂಡೂ ಕಾಣದಂತಿದ್ದೇವೆ.

ಇನ್ನು ಮೂಲ ವಿಷಯಕ್ಕೆ ಬರುತ್ತೇನೆ. ವಿಷ ಎಂಬುದು ಹೊಸದಲ್ಲ. ಹಾವಿನಲ್ಲಿ ವಿಷವಿದೆ, ಕಾಸರಕದ ಬೀಜದಲ್ಲಿ ವಿಷವಿದೆ. ಆದರೆ ಅವೆಲ್ಲ ಅಳಿಯುವ ವಿಷಗಳು. ಮಣ್ಣು, ಬಿಸಿಲು, ನೀರು, ಕಣ್ಣಿಗೆ ಕಾಣದ ಜೀವಿಗಳು ಅವನ್ನು ಮುರಿದು ಬೇರೆಯಾಗಿಸುತ್ತವೆ. ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರವು ತಯಾರಿಸಿದ ಕೆಲವು ದ್ರವ್ಯಗಳಿಗೆ ಈ ಧರ್ಮವಿಲ್ಲ. ಅವು ಅಳಿಯುವುದಿಲ್ಲ, ಅಳಿದರೂ ತಲೆಮಾರುಗಳು ಬೇಕು. ಬೇಗ ಕೆಡದಿರುವುದೇ ಅವುಗಳ ಗುಣವೆಂದು ಸಾರಿ ಮಾರಲಾಯಿತು. ಆ ಗುಣವೇ ಅವುಗಳ ದೋಷ.

ಅವುಗಳಲ್ಲಿ ಮೊದಲನೆಯದಾಗಿ ನಮ್ಮ ಮನೆಗಳನ್ನು ಹೊಕ್ಕದ್ದು ಡಿ.ಡಿ.ಟಿ. ನನ್ನ ಬಾಲ್ಯದಲ್ಲಿ ಮಲೇರಿಯಾ ಇಲಾಖೆಯವರು ಪಂಪು ಹೊತ್ತು ಬಂದು ಗೋಡೆಗಳಿಗೆ ಸಿಂಪಡಿಸಿ, ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಿದ್ದರು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಪ್ರಾರಂಭವಾದದ್ದು 1953ರಲ್ಲಿ. ಸತ್ಯವನ್ನು ಮರೆಮಾಚಬಾರದು: ಚಳಿಜ್ವರಕ್ಕೆ ಹೆದರಿ ಜನ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಡಂಚಿನ ಊರುಗಳು ಆ ಬಿಳಿಯ ಪುಡಿಯಿಂದ ನೆಮ್ಮದಿ ಕಂಡವು. ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ ಪೌಲ್ ಮ್ಯೂಲರರಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಗೋಡೆಗೆ ಬಂದ ಪುಡಿ ಗೋಡೆಯಲ್ಲಿ ನಿಲ್ಲಲಿಲ್ಲ. ತಲೆಯ ಹೇನಿಗೆ ಅದೇ ಪುಡಿ, ಮಂಚದ ತಿಗಣೆಗೆ ಅದೇ ಪುಡಿ. ಅದರ ಬೆನ್ನಿಗೇ ಗಮಾಕ್ಸಿನ್ ಎಂದು ನಾವು ಕರೆಯುತ್ತಿದ್ದ ಬಿ.ಎಚ್.ಸಿ. ಪುಡಿ ಬಂತು. ಹೊಲಕ್ಕೆ ತಂದದ್ದು ಕಣಜಕ್ಕೂ ಬಂತು. ಅವರೆ, ತೊಗರಿ, ಹುರುಳಿಗೆ ಬೂದಿಯನ್ನೋ ಕೆಮ್ಮಣ್ಣನ್ನೋ ಬೇವಿನ ಸೊಪ್ಪನ್ನೋ ಬೆರೆಸಿ ಕಾಪಾಡುತ್ತಿದ್ದ ಅಜ್ಜಿಯರನ್ನು ಅವಿದ್ಯಾವಂತರೆಂದು ನಕ್ಕು, ಕಾಳಿಗೆ ಗಮಾಕ್ಸಿನ್ ಬೆರೆಸಿದ ವಿದ್ಯಾವಂತರು ನಮ್ಮ ಕಾಲದವರು. ನಮ್ಮ ಮನೆಯಲ್ಲೂ ಬೆರೆಸಿದೆವು. ತೊಳೆದರೆ ಹೋಗುತ್ತದೆ ಎಂದುಕೊಂಡಿದ್ದೆವು.

ಹೋಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಲವು ರಾಜ್ಯಗಳಿಂದ ತಂದು ಪರೀಕ್ಷಿಸಿದ ಹಾಲಿನ ಮಾದರಿಗಳಲ್ಲಿ ಬಹುಪಾಲಿನಲ್ಲಿ ಈ ಎರಡೂ ವಿಷಗಳ ಶೇಷ ಕಂಡುಬಂತು. ಅಮೆರಿಕೆಯ ರೇಚಲ್ ಕಾರ್ಸನ್ ಎಂಬ ವಿದುಷಿಯು ಇವುಗಳ ಕೇಡನ್ನು ಗ್ರಂಥವಾಗಿ ಬರೆದು ಜಗತ್ತಿಗೆ ಸಾರಿದ್ದು 1962ರಲ್ಲಿ. ನಮ್ಮ ದೇಶದಲ್ಲಿ ಡಿ.ಡಿ.ಟಿ.ಯನ್ನು ಬೇಸಾಯಕ್ಕೆ ಬಳಸಕೂಡದೆಂದದ್ದು 1989ರಲ್ಲಿ. ಬಿ.ಎಚ್.ಸಿ. ನಿಷೇಧವಾದದ್ದು 1997ರ ಏಪ್ರಿಲ್ 1ರಂದು. ಎಚ್ಚರಿಕೆಯ ಮಾತಿಗೂ ಕಾನೂನಿಗೂ ನಡುವೆ ಮೂವತ್ತೈದು ವರ್ಷ ಕಳೆದವು. ಆ ಅವಧಿಯಲ್ಲಿ ಉಂಡ ಕಾಳಿನ ಲೆಕ್ಕವನ್ನು ಯಾರಿಂದ ಕೇಳೋಣ?

ವಿಷ ನಿರಪಾಯವೆಂದು ಪ್ರಮಾಣಪತ್ರ ಕೊಡುವವರಿಗೆ ಯಾವ ಕಾಲದಲ್ಲಿಯೂ ಬರಗಾಲವಿಲ್ಲ ಎಂಬುದಕ್ಕೆ ಕನ್ನಡದ ಗಡಿನಾಡೇ ಸಾಕ್ಷಿ. ಕಾಸರಗೋಡಿನ ಸರ್ಕಾರಿ ಗೇರುತೋಟಗಳ ಮೇಲೆ, ಸುಮಾರು 4,600 ಹೆಕ್ಟೇರಿನಷ್ಟು ಗುಡ್ಡಗಾಡಿನಲ್ಲಿ, ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಇದು ಗೃಹಬಳಕೆಯ ವಸ್ತುವಲ್ಲ, ನಿಜ. ಆದರೆ ಸುರಿದದ್ದು ಗುಡ್ಡದ ಮೇಲಾದರೂ ಇಳಿದದ್ದು ಮನೆಯ ಸುರಂಗದ ನೀರಿಗೆ, ಬಾವಿಗೆ, ತೊರೆಗೆ. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ ಸ್ವರ್ಗ ಎಂಬ ಹೆಸರಿನದೇ ಒಂದು ಸ್ಥಳವಿದೆ. ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಂಗವೈಕಲ್ಯ, ಅಪಸ್ಮಾರ, ಅರ್ಬುದಗಳು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ ಬರೆದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ನಾಡಿಗೆ ತಿಳಿಸಿದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಲ್ಲಿಯ ಜನರ ರಕ್ತದಲ್ಲಿಯೇ ಎಂಡೋಸಲ್ಫಾನಿನ ಶೇಷವನ್ನು ತೋರಿಸಿತು. ಆಗಲೂ ಸಮಿತಿಯ ಮೇಲೆ ಸಮಿತಿ. ಸಂಬಂಧ ಸಾಬೀತಾಗಿಲ್ಲವೆಂಬ ವರದಿ. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಗೋಳೂ ಇದೇ. ಅಂತಾರಾಷ್ಟ್ರೀಯ ಸಭೆಗಳಲ್ಲಿ ಎಂಡೋಸಲ್ಫಾನಿನ ಪರ ವಕಾಲತ್ತು ವಹಿಸಿದ ರಾಷ್ಟ್ರಗಳಲ್ಲಿ ನಮ್ಮದು ಮುಂಚೂಣಿಯಲ್ಲಿತ್ತು ಎಂಬುದನ್ನು ನೆನೆದರೆ ತಲೆ ತಗ್ಗುತ್ತದೆ. ಕಡೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ತಡೆಯಬೇಕಾಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನ್ಯಾಯಾಲಯ ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿದ್ದು 2017ರಲ್ಲಿ. ತಾಯಂದಿರು ಮಕ್ಕಳನ್ನು ಹೊತ್ತು ರಸ್ತೆಯಲ್ಲಿ ಕುಳಿತು ಪಡೆದ ನ್ಯಾಯ ಅದು.

ಇಷ್ಟು ಪೂರ್ವಕಥೆಯನ್ನು ಹೇಳಿದ್ದು ಇಂದಿನ ಮಾತಿಗೆ ಪೀಠಿಕೆಯಾಗಿ. ಡಿ.ಡಿ.ಟಿ. ಹೋಯಿತು, ಎಂಡೋಸಲ್ಫಾನ್ ಹೋಯಿತು ಎಂದು ನಾವು ನಿಟ್ಟುಸಿರು ಬಿಡುವಷ್ಟರಲ್ಲಿ, ಅವೆರಡಕ್ಕಿಂತಲೂ ಅಳಿಯದ ಮತ್ತೊಂದು ವಂಶ ಅಡುಗೆಮನೆಯಲ್ಲಿ ಬೀಡುಬಿಟ್ಟಾಗಿದೆ. ಇಂಗಾಲಕ್ಕೂ ಫ್ಲೋರಿನ್ನಿಗೂ ಬೆಸುಗೆ ಹಾಕಿ ತಯಾರಿಸಿದ ದ್ರವ್ಯಗಳಿವು. ಇವುಗಳ ಕುಲನಾಮ ಪಿ.ಎಫ್.ಎ.ಎಸ್.; ಕುಲದಲ್ಲಿ ಸಾವಿರಾರು ಸದಸ್ಯರು. ಆ ಬೆಸುಗೆ ಎಷ್ಟು ಗಟ್ಟಿಯೆಂದರೆ ಮಣ್ಣಿನ ಜೀವಿಗಳಿಗಾಗಲಿ ಬಿಸಿಲಿಗಾಗಲಿ ಅದನ್ನು ಬಿಡಿಸುವ ಶಕ್ತಿಯಿಲ್ಲ. ನೀರೂ ಅಂಟದು, ಎಣ್ಣೆಯೂ ಅಂಟದು. ಅಂಟದ ಕಾವಲಿಯ ಲೇಪನವು 1938ರಲ್ಲಿ ಅಮೆರಿಕೆಯ ರಾಯ್ ಪ್ಲಂಕೆಟ್ ಎಂಬ ರಸಾಯನಜ್ಞರಿಗೆ ಅಕಸ್ಮಾತ್ತಾಗಿ ದೊರೆತದ್ದು. ಅದನ್ನು ತಯಾರಿಸಲು ಬಹುಕಾಲ ಬಳಸಿದ ಸಹಾಯಕ ದ್ರವ್ಯ ಪಿ.ಎಫ್.ಓ.ಎ. ಬಟ್ಟೆಗೆ ಕಲೆ ಹಿಡಿಯದಂತೆ ಮಾಡುತ್ತಿದ್ದುದು ಅದರ ದಾಯಾದಿ ಪಿ.ಎಫ್.ಓ.ಎಸ್.

ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಎಂಬ ಊರಿನ ಬಳಿ ಡ್ಯೂಪಾಂಟ್ ಕಂಪನಿಯ ಕಾರ್ಖಾನೆಯಿತ್ತು. ಅದರ ಕಸ ಸುರಿದ ಜಾಗದ ಕೆಳಗೆ ಒಬ್ಬ ರೈತನ ಹಸುಗಳು ಒಂದರ ಹಿಂದೊಂದು ಸತ್ತವು. ರಾಬರ್ಟ್ ಬಿಲಾಟ್ ಎಂಬ ವಕೀಲರು 1999ರಲ್ಲಿ ದಾವೆ ಹೂಡಿದರು. ಕಂಪನಿಯ ಕಡತಗಳು ಹೊರಬಿದ್ದಾಗ ಕಂಡದ್ದೇನು? ನೌಕರರ ರಕ್ತದಲ್ಲಿ ಈ ದ್ರವ್ಯ ಸೇರಿರುವುದು ಕಂಪನಿಗೆ ದಶಕಗಳ ಹಿಂದೆಯೇ ತಿಳಿದಿತ್ತು. ತಾಯಿಯಿಂದ ಗರ್ಭದ ಶಿಶುವಿಗೆ ದಾಟುವುದೂ ತಿಳಿದಿತ್ತು. ತಿಳಿದೂ ಮುಚ್ಚಿಟ್ಟುದಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 2005ರಲ್ಲಿ ಅಲ್ಲಿಯ ಸರ್ಕಾರಕ್ಕೆ ಒಂದು ಕೋಟಿ ಅರವತ್ತೈದು ಲಕ್ಷ ಡಾಲರ್ ತೆರಬೇಕಾಯಿತು. ಸುಮಾರು 69,000 ಜನರ ರಕ್ತ ಪರೀಕ್ಷೆಯ ಆಧಾರದ ಮೇಲೆ ವಿಜ್ಞಾನಿಗಳ ಮಂಡಳಿಯು 2012ರ ವೇಳೆಗೆ ಆರು ವ್ಯಾಧಿಗಳೊಡನೆ ಸಂಬಂಧವಿರುವ ಸಂಭವವನ್ನು ಹೇಳಿತು: ಮೂತ್ರಪಿಂಡದ ಅರ್ಬುದ, ವೃಷಣದ ಅರ್ಬುದ, ಥೈರಾಯ್ಡ್ ವ್ಯಾಧಿ, ದೊಡ್ಡಕರುಳಿನ ಹುಣ್ಣು, ಬಸುರಿಯರ ರಕ್ತದೊತ್ತಡ, ಏರಿದ ಕೊಲೆಸ್ಟರಾಲ್. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು ಪಿ.ಎಫ್.ಓ.ಎ. ದ್ರವ್ಯವನ್ನು ಮನುಷ್ಯರಿಗೆ ಅರ್ಬುದಕಾರಕವೆಂದು ಘೋಷಿಸಿ ಮೊದಲನೆಯ ವರ್ಗಕ್ಕೆ ಸೇರಿಸಿತು. ತಂಬಾಕಿನ ಹೊಗೆ ಕುಳಿತಿರುವ ಪಂಕ್ತಿಯೂ ಅದೇ. ಈ ವರ್ಗೀಕರಣವು ಸಾಕ್ಷ್ಯದ ಬಲವನ್ನು ಹೇಳುತ್ತದೆಯೇ ಹೊರತು ಎರಡರ ಅಪಾಯವೂ ಸಮವೆಂದಲ್ಲ. ಆದರೂ ಕಂಪಲಾಪುರದವರಾದ ನಮಗೆ ಆ ಪಂಕ್ತಿಭೋಜನದ ಅರ್ಥವನ್ನು ಬಿಡಿಸಿ ಹೇಳಬೇಕೆ?

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು, ಇಲ್ಲವಾದರೆ ನಾನೂ ಸುಳ್ಳು ಪ್ರಚಾರಕನಾಗುವೆನು. ಕಾವಲಿಯ ಲೇಪನದ ಚೂರು ಹೊಟ್ಟೆಗೆ ಹೋದರೆ ಬಹುಮಟ್ಟಿಗೆ ಹಾಗೆಯೇ ಹೊರಹೋಗುತ್ತದೆ. ಬರಿಯ ಕಾವಲಿಯನ್ನು ಉರಿಯ ಮೇಲೆ ಮರೆತು ಬಿಟ್ಟು ಅತಿಯಾಗಿ ಕಾಯಿಸಿದರೆ ಮಾತ್ರ ಕೆಟ್ಟ ಹೊಗೆ ಏಳುತ್ತದೆ; ಪಂಜರದ ಗಿಳಿಗಳು ಆ ಹೊಗೆಗೆ ಸತ್ತದ್ದುಂಟು, ಮನುಷ್ಯರಿಗೆ ಜ್ವರ ಬಂದದ್ದುಂಟು. ಇಂದು ಅಂಗಡಿಯಲ್ಲಿ ಸಿಗುವ ಕಾವಲಿಗಳ ಮೇಲೆ ಪಿ.ಎಫ್.ಓ.ಎ. ರಹಿತವೆಂದು ಬರೆದಿರುತ್ತದೆ. ಹಾಗಾದರೆ ಕೇಡೆಲ್ಲಿ? ಕೇಡು ಕಾರ್ಖಾನೆಯ ಹೊಳೆಯಲ್ಲಿ, ಕಸ ಬೀಳುವ ಹಳ್ಳದಲ್ಲಿ, ಸುಡುವ ಗುಂಡಿಯಲ್ಲಿ. ಒಂದನ್ನು ಬಿಟ್ಟವರು ಅದೇ ಕುಲದ ಮತ್ತೊಂದನ್ನು ಹಿಡಿದಿದ್ದಾರೆ. ಹೆಸರು ಬದಲಾಯಿತು, ಅಳಿಯದ ಸ್ವಭಾವ ಬದಲಾಗಲಿಲ್ಲ.

ಆ ಹೊಳೆ ಎಲ್ಲಿಯದು? ಅಮೆರಿಕೆಯದು, ನಮಗೇನು ಎನ್ನುವವರು ಈ ಮುಂದಿನ ವೃತ್ತಾಂತವನ್ನು ಸಾವಧಾನದಿಂದ ಓದಬೇಕು. ಇಟಲಿಯ ವೆನೆಟೊ ಪ್ರಾಂತದಲ್ಲಿ ಮಿಟೆನಿ ಎಂಬ ಕಾರ್ಖಾನೆ ಈ ಕುಲದ ದ್ರವ್ಯಗಳನ್ನು ತಯಾರಿಸಿ ಸುಮಾರು 3,50,000 ಜನರ ಅಂತರ್ಜಲವನ್ನು ಕೆಡಿಸಿತು. 2018ರಲ್ಲಿ ಅದು ದಿವಾಳಿಯಾಯಿತು. 2025ರ ಜೂನಿನಲ್ಲಿ ವಿಚೆಂಜಾ ನಗರದ ನ್ಯಾಯಾಲಯವು ಅದಕ್ಕೆ ಸಂಬಂಧಿಸಿದ ಹನ್ನೊಂದು ಮಂದಿ ಅಧಿಕಾರಸ್ಥರಿಗೆ ಒಟ್ಟು 141 ವರ್ಷಗಳ ಸೆರೆಮನೆವಾಸವನ್ನು ವಿಧಿಸಿತು. ಕಾರ್ಖಾನೆಯ ಯಂತ್ರಗಳೇನಾದವು? 2019ರ ಹರಾಜಿನಲ್ಲಿ ಒಂದು ಭಾರತೀಯ ಉದ್ಯಮವು ಅವನ್ನು ಕೊಂಡಿತು. ಹಡಗಿನಲ್ಲಿ ಬಂದ ಆ ಯಂತ್ರಗಳು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಎಂಬಲ್ಲಿ ಮತ್ತೆ ಜೋಡಣೆಯಾದವು. ಅಲ್ಲಿ ತಯಾರಾಗುವುದು ಅಡುಗೆಯ ಕಾವಲಿಯ ಲೇಪನವೇ ಎಂದು ನಾನು ಹೇಳುತ್ತಿಲ್ಲ, ಕುಲ ಅದೇ. ಇಟಲಿಯ ತಾಯಂದಿರು ಬೇಡವೆಂದು ನೂಕಿದ್ದು ಕೊಂಕಣದ ತಾಯಂದಿರ ಅಂಗಳಕ್ಕೆ ಬಂದಿಳಿದಿದೆ. ಹರಾಜಿನಲ್ಲಿ ಹೊಗೆಸೊಪ್ಪಿನ ಬೇಲಿಗೆ ಇದ್ದ ಪರೀಕ್ಷೆ ಆ ಯಂತ್ರಗಳಿಗೆ ಇರಲಿಲ್ಲ.

ಅಳಿಯದ ರಾಸಾಯನಿಕಗಳನ್ನು ತಡೆಯಲು ಸ್ಟಾಕ್‌ಹೋಮ್ ಒಪ್ಪಂದವೆಂಬುದು 2001ರಲ್ಲಿ ಆಯಿತು. ಭಾರತ 2006ರಲ್ಲಿ ಅದನ್ನು ಸ್ಥಿರೀಕರಿಸಿತು. ಒಪ್ಪಂದದ ಪಟ್ಟಿಗೆ ಪಿ.ಎಫ್.ಓ.ಎಸ್. 2009ರಲ್ಲಿ ಸೇರಿತು, ಪಿ.ಎಫ್.ಓ.ಎ. 2019ರಲ್ಲಿ ಸೇರಿತು. ಹೊಸದಾಗಿ ಸೇರಿದವುಗಳಲ್ಲಿ ಏಳನ್ನು ನಮ್ಮ ಕೇಂದ್ರ ಮಂತ್ರಿಮಂಡಲ 2020ರ ಅಕ್ಟೋಬರಿನಲ್ಲಿ ಒಪ್ಪಿತು. ಆ ಏಳರಲ್ಲಿ ಈ ಎರಡೂ ಇರಲಿಲ್ಲ. ಕುಡಿಯುವ ನೀರಿನಲ್ಲಿ ಇವು ಎಷ್ಟಿರಬಹುದೆಂದು ಅಮೆರಿಕ 2024ರಲ್ಲಿ ಮಿತಿ ಹಾಕಿತು: ಒಂದು ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ನಾಲ್ಕು ಪಾಲು. ಡೆನ್ಮಾರ್ಕ್ ದೇಶ ಆಹಾರ ಕಟ್ಟುವ ಕಾಗದದಲ್ಲಿ ಇವು ಕೂಡದೆಂದದ್ದು 2020ರಲ್ಲಿ. ನಮ್ಮ ಲಕ್ಷ್ಮಣತೀರ್ಥವೂ ಕಬಿನಿಯೂ ಕಾವೇರಿಯೂ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ನದಿಪಾತ್ರಗಳ ಪಟ್ಟಿಯಲ್ಲಿ ಸೇರಿದ್ದವು. ಆ ಪಟ್ಟಿ ಕೊಳಚೆಯ ಅಳತೆಯ ಮೇಲೆ ಮಾಡಿದ್ದು. ಅಳಿಯದ ರಾಸಾಯನಿಕಗಳು ಆ ಅಳತೆಗೆ ಸಿಗುವಂಥವಲ್ಲ. ನೀರನ್ನು ಕುದಿಸಿ ಕುಡಿಯುತ್ತೇವೆ ಎನ್ನುವ ಸಮಾಧಾನವೂ ಬೇಡ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಇವು ಸಾಯುವುದಿಲ್ಲ. ನೀರು ಆವಿಯಾದಷ್ಟೂ ಇವು ದಟ್ಟವಾಗುತ್ತವೆ.

ಇಷ್ಟು ಅಲ್ಪ ಪ್ರಮಾಣದಿಂದ ಏನಾದೀತು ಎಂಬ ಆಕ್ಷೇಪಣೆಯನ್ನು ನನ್ನ ಮಿತ್ರರೇ ಎತ್ತಿದ್ದಾರೆ. ಇವರಿಗೆ ಬಡ್ಡಿಯ ಲೆಕ್ಕ ಬರುತ್ತದೆ, ಇದು ಬರುವುದಿಲ್ಲವೆಂದರೆ ಆಶ್ಚರ್ಯ. ಇಂದು ಕುಡಿದ ಕಾಫಿಯ ಸತ್ವ ನಾಳೆಯ ಹೊತ್ತಿಗೆ ದೇಹದಿಂದ ಹೊರಬೀಳುತ್ತದೆ. ಪಿ.ಎಫ್.ಓ.ಎ. ಒಳಹೊಕ್ಕರೆ ಅದರಲ್ಲಿ ಅರ್ಧ ಹೊರಹೋಗಲು ಎರಡರಿಂದ ನಾಲ್ಕು ವರ್ಷ ಬೇಕು. ಮಿಕ್ಕ ಅರ್ಧ ಹೊರಡುವ ಮುನ್ನವೇ ಪ್ರತಿದಿನವೂ ಹೊಸ ಕಾಣಿಕೆ ಬಂದು ಸೇರುತ್ತಿದ್ದರೆ ಹುಂಡಿ ತುಂಬದೆ ಇದ್ದೀತೆ? ತಾಯಿ ಮಗುವಿಗೆ ಮೊಲೆಯೂಡಿಸುವಾಗ ಆ ಹುಂಡಿಯ ಒಂದು ಪಾಲು ಮಗುವಿಗೆ ಹೋಗುತ್ತದೆ. ಹಾಗೆಂದು ತಾಯಿಹಾಲು ಕೊಡಬಾರದೆಂದು ಯಾವ ವೈದ್ಯನೂ ಹೇಳುವುದಿಲ್ಲ, ಹೇಳಲೂಬಾರದು. ಅದಕ್ಕಿಂತ ಮಿಗಿಲಾದ ಆಹಾರವಿಲ್ಲ. ಅದನ್ನು ನಿರ್ಮಲವಾಗಿ ಇರಗೊಡದವರ ಮೇಲೆ ಹೋಗಬೇಕಾದ ಸಿಟ್ಟು ತಾಯಿಯ ಮೇಲೆ ಹೋಗಕೂಡದು.

ಎರಡನೆಯ ಆಕ್ಷೇಪಣೆ ನಮ್ಮ ಮನೆಯಲ್ಲಿಯೇ ಎದ್ದಿತು, ಮತ್ತು ಅದಕ್ಕೆ ನಾನು ಸೋತೆನು. ಕಬ್ಬಿಣದ ಹೆಂಚೇ ಸಾಕೆಂದು ನಾನು ಉಪದೇಶಕ್ಕೆ ತೊಡಗಿದಾಗ ಸೊಸೆಯು, “ಮಾವ, ಹೆಂಚು ಉಜ್ಜುವವರು ನೀವಲ್ಲ” ಎಂದಳು. ನ್ಯಾಯವಾದ ಮಾತು. ಅಂಟದ ಕಾವಲಿ, ಎಸೆಯುವ ತಟ್ಟೆ, ಇವು ಮನೆಹೊಕ್ಕದ್ದು ಹೆಂಗಸರ ರಟ್ಟೆಯ ನೋವನ್ನು ಕಂಪನಿಯವರು ಗಮನಿಸಿದ್ದರಿಂದ. ಗಂಡಸರಾದ ನಾವು ಗಮನಿಸಲಿಲ್ಲ. ಅಂದಿನಿಂದ ನಮ್ಮ ಮನೆಯ ಹೆಂಚನ್ನು ಉಜ್ಜುವ ಕಾಯಕ ನನ್ನದು. ಈರುಳ್ಳಿಯ ಹೋಳಿನಿಂದ ಎಣ್ಣೆ ಸವರಿ ಹದಮಾಡಿದರೆ ಹದಿನೈದು ದಿನಗಳಲ್ಲಿ ದೋಸೆ ತಾನಾಗಿ ಏಳುತ್ತದೆಂಬುದನ್ನು ಎಪ್ಪತ್ತರ ವಯಸ್ಸಿನಲ್ಲಿ ಕಲಿತೆನು. ಮೊದಲ ವಾರದ ದೋಸೆಗಳ ವಿಚಾರ ಇಲ್ಲಿ ಬೇಡ.

ಬಡವರಿಗೆ ಇದೆಲ್ಲ ಸಾಧ್ಯವೇ ಎಂಬ ಮೂರನೆಯ ಮಾತಿಗೆ ದೀರ್ಘ ಉತ್ತರ ಅನಾವಶ್ಯಕ. ಕಬ್ಬಿಣದ ಹೆಂಚು ಮೂರು ತಲೆಮಾರು ಬರುತ್ತದೆ. ಲೇಪನದ ಕಾವಲಿ ಎರಡು ಮೂರು ವರ್ಷಕ್ಕೆ ಗೀರುಬಿದ್ದು ಕಸಕ್ಕೆ ಹೋಗುತ್ತದೆ. ತುಟ್ಟಿ ಯಾವುದು?

ಆದರೆ ಮನೆಮನೆಯ ಸಂಯಮವೊಂದರಿಂದಲೇ ಇದು ಬಗೆಹರಿಯುವುದೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಗಮಾಕ್ಸಿನ್ ಕೊಂಡ ನನ್ನ ತಂದೆ ತಪ್ಪಿತಸ್ಥರೆ? ಅಂಗಡಿಯಲ್ಲಿ ಮಾರಿದ್ದನ್ನು, ಸರ್ಕಾರ ಶಿಫಾರಸು ಮಾಡಿದ್ದನ್ನು ಕೊಂಡರು. ಕೇಡಿದೆಯೆಂದು ಸಾಬೀತು ಮಾಡುವ ಹೊರೆಯನ್ನು ಉಣ್ಣುವವನ ತಲೆಯ ಮೇಲೆ ಹೊರಿಸಿ, ಕೇಡಿಲ್ಲವೆಂದು ತೋರಿಸುವ ಹೊಣೆಯಿಂದ ತಯಾರಕನನ್ನು ಮುಕ್ತಗೊಳಿಸಿರುವ ಈ ಪದ್ಧತಿಯೇ ತಲೆಕೆಳಗು. ಕಾಸರಗೋಡಿನ ಕುರುಡುಮಗು ತನ್ನ ಕುರುಡಿಗೆ ಸಾಕ್ಷಿ ತರಬೇಕಾಗಿ ಬಂತು. ವಿಷ ಮಾರಿದವನು ಯಾವ ಸಾಕ್ಷಿಯನ್ನೂ ತರಬೇಕಾಗಿರಲಿಲ್ಲ. ಹೊಗೆಸೊಪ್ಪಿನ ಬೇಲಿನಲ್ಲಿ ಅನ್ಯವಸ್ತುವಿಲ್ಲವೆಂದು ತೋರಿಸತಕ್ಕವನು ಬೆಳೆದವನೇ. ತಟ್ಟೆಯ ವಿಷಯದಲ್ಲಿ ತಯಾರಿಸಿದವನಿಗೆ ಅದೇ ಕಟ್ಟಳೆ ಏಕಿರಬಾರದು? ತಟ್ಟೆಯ ಕಟ್ಟಿನ ಮೇಲೆ, ಕಾವಲಿಯ ಪೆಟ್ಟಿಗೆಯ ಮೇಲೆ, ಮಳೆಯಂಗಿಯ ಚೀಟಿಯ ಮೇಲೆ ಈ ಕುಲದ ದ್ರವ್ಯ ಉಂಟೋ ಇಲ್ಲವೋ ಎಂದು ಕನ್ನಡದಲ್ಲಿ ಬರೆಯಲೇಬೇಕೆಂದು ಕಾನೂನು ಆಗಬೇಕು. ಕಾವೇರಿ, ಕಬಿನಿ, ಲಕ್ಷ್ಮಣತೀರ್ಥಗಳ ನೀರನ್ನು ಇವುಗಳಿಗಾಗಿ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಬೇಕು. ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಶಾಸಕರಾದವರಿದ್ದಾರೆ, ಎಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ. ಇಲ್ಲಿಯ ಅನ್ನದ ಋಣವನ್ನು ವೇದಿಕೆಯ ಮೇಲೆ ಸ್ಮರಿಸದವರು ಯಾರೂ ಇಲ್ಲ. ಅವರು ಈ ಪ್ರಶ್ನೆಯನ್ನು ಎತ್ತಲಿ.

ಅವರನ್ನು ಕೇಳುವ ಮುನ್ನ ನಮ್ಮ ಕೈ ಶುಚಿಯಾಗಬೇಕು. ದಾಸೋಹದಲ್ಲಿ ಉಣಿಸುವ ಅನ್ನ ಶುದ್ಧವಾಗಿದ್ದು ಅದನ್ನು ಬಡಿಸಿದ ತಟ್ಟೆ ಪಕ್ಕದ ಹಳ್ಳಿಯ ಬಾವಿಗೆ ವಿಷವಾದರೆ ಅದು ದಾಸೋಹವಾಗದು. ಸಾಮೂಹಿಕ ವಿವಾಹಗಳಲ್ಲಿ ನೂತನ ದಂಪತಿಗಳಿಗೆ ಪಾತ್ರೆ ಕೊಡುವ ದಾನಿಗಳು ಇತ್ತೀಚೆಗೆ ಅಂಟದ ಕಾವಲಿಯ ಜೊತೆಗಳನ್ನೇ ಹೊಳೆಯುವ ಪೆಟ್ಟಿಗೆಯಲ್ಲಿ ತರುತ್ತಿದ್ದಾರೆ. ಅವರ ಔದಾರ್ಯಕ್ಕೆ ನಮಸ್ಕಾರ. ಕಬ್ಬಿಣದ್ದೋ ಸ್ಟೀಲಿನದೋ ತರಲಿ. ಫ್ಲೆಕ್ಸು ಕಟ್ಟಿಸುವ ಭಕ್ತರು ಬಟ್ಟೆಯ ಮೇಲೆ ಬರೆಸಲಿ, ಬರೆಯುವ ಕಲಾವಿದನೂ ಬದುಕಿಕೊಳ್ಳಲಿ. ಅಡುಗೆಮನೆಯ ಹಿಂದಿನ ಗುಂಡಿಗೆ ಬೆಂಕಿ ಹಾಕುವುದು ಇಂದಿನಿಂದಲೇ ನಿಲ್ಲಲಿ.

ಎಲೆಯ ಮಾತು ಉಳಿಯಿತು. ಹಚ್ಚುವವರಿಲ್ಲ ಎಂದು ಅಂದು ನಾನು ಸಭೆಗೆ ಹೇಳಿದ್ದು ವಿಚಾರಿಸದೆ ಹೇಳಿದ ಮಾತು. ಕಳೆದ ತಿಂಗಳು ಸುತ್ತಿನ ಹಳ್ಳಿಗಳಲ್ಲಿ ತಿರುಗಿ ವಿಚಾರಿಸಿದೆನು. ಮುತ್ತುಗದ ಎಲೆ ಹಚ್ಚಬಲ್ಲ ಮುದುಕಿಯರು ಇನ್ನೂ ಇದ್ದಾರೆ, ಕೊಳ್ಳುವವರಿಲ್ಲದೆ ಕೈಬಿಟ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಮುಂಗಡ ಕೊಟ್ಟು, ಇಂತಿಷ್ಟು ಸಾವಿರ ಎಂದು ಮಾತು ಕೊಟ್ಟರೆ ಸೊಸೆಯಂದಿರಿಗೂ ಕಲಿಸಿ ಹಚ್ಚಿಕೊಡುವುದಾಗಿ ಒಪ್ಪಿದ್ದಾರೆ. ಸಾಲದೆ ಬಂದರೆ ಅಡಕೆಯ ಹಾಳೆಯ ತಟ್ಟೆಯನ್ನು ತರಿಸಬಹುದು. ಬರುವ ಪ್ರಸಾದ ಸಮಿತಿಯ ಸಭೆಯಲ್ಲಿ ನನ್ನ ಹಳೆಯ ಗೊತ್ತುವಳಿಯನ್ನು ರದ್ದುಪಡಿಸಬೇಕೆಂಬ ಹೊಸ ಗೊತ್ತುವಳಿಯನ್ನು ನಾನೇ ಮಂಡಿಸುವವನಿದ್ದೇನೆ. ಮುಂಗಡದ ಬಾಬ್ತು ನನ್ನ ಒಂದು ತಿಂಗಳ ಪಿಂಚಣಿಯನ್ನು ಶ್ರೀಮಠದ ಕಚೇರಿಯಲ್ಲಿ ಕಟ್ಟಿ ರಸೀದಿ ಪಡೆದಿದ್ದೇನೆ. ರಸೀದಿ ಪುಸ್ತಕದಲ್ಲಿ ಅದರ ಮುಂದಿನ ಹಾಳೆಗಳು ಖಾಲಿ ಇವೆ.